ಫೋರ್ಟ್ ಆಫೀಸಿಗೆ ಹೋದ ಅಂಕಿಗಳು

ನಮ್ಮ ಮೇಡಂ ಅವರ ಮುಂದಿನ ಹಲ್ಲೊಂದರ ತುದಿ ಸ್ವಲ್ಪ ಮುಕ್ಕಾಗಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದಲೇ ಕಚ್ಚಿ ಎಳೆಯುವ ಅಭ್ಯಾಸ ಅವರದು. ನಾನು ಕಟ್ಟರ್ ಎತ್ತಿ ಕೊಡುವಷ್ಟರಲ್ಲಿ, "ಬಿಡು, ನಂದು ಮುಗೀತು" ಎಂದು ತಂತಿಯ ಹೊಳೆಯುವ ತುದಿ ತೋರಿಸಿ ನಗುತ್ತಿದ್ದರು.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಮದುವೆಯಾಗಿ ಮುಂಬಯಿಗೆ ಬಂದವರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಸಾಂತಾಕ್ರೂಜ್‌ನ ಇಂಡಸ್ಟ್ರಿಯಲ್ ಎಸ್ಟೇಟೊಂದರಲ್ಲಿ ಗಾಳಾ ಎನ್ನುವ ಪುಟ್ಟ ಬಾಡಿಗೆ ಮಳಿಗೆ ಹಿಡಿದು, ಕಾರ್ಖಾನೆಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಮಾಡಿಕೊಡುತ್ತಿದ್ದರು. ಮನೆಯಲ್ಲಿ ಹಿಂದಿ ಮಾತಾಡಿ ಬೆಳೆದ ನನ್ನ ಕನ್ನಡ ತಡವರಿಸುತ್ತಿತ್ತು. "ಇಲ್ಲಿ ಬೈಗುಳನೂ ಕನ್ನಡದಲ್ಲೇ. ಬೇಗ ಕಲೀತೀಯ" ಎಂದಿದ್ದರು ಮೊದಲ ದಿನ.

ಆಗ ಒಬ್ಬ ಸೇಠ್ ಒಂದು ಕೆಲಸ ಒಪ್ಪಿಸಿದರು. ಅವರ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಕುರ್ಲಾದಲ್ಲಿ, ಆಫೀಸು ದೂರದ ಫೋರ್ಟ್ ಪ್ರದೇಶದಲ್ಲಿ. ಬಾಯ್ಲರಿನ ಹಬೆಯ ಒತ್ತಡ ಎಷ್ಟಿದೆಯೆಂದು ಅವರಿಗೆ ಫೋರ್ಟಿನಲ್ಲಿ ಕೂತಲ್ಲೇ ಕಾಣಬೇಕಿತ್ತು. ಇಂಟರ್ನೆಟ್ಟಿನ ಹೆಸರನ್ನೂ ನಾವು ಕೇಳಿರಲಿಲ್ಲ. ಮೇಡಂ ಒಂದು ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಮೋಡೆಮ್ ಜೋಡಿಸಿ, ಸಾಮಾನ್ಯ ಟೆಲಿಫೋನ್ ಲೈನಿನಲ್ಲೇ ಅಂಕಿ ಕಳಿಸಲು ಹೊರಟರು. ಲೈನಿನಲ್ಲಿ ಯಾರದೋ ಮದುವೆ ಮಾತುಕತೆ ಸೇರಿಕೊಂಡು ಅಂಕಿ ಕೆಡುತ್ತಿತ್ತು. ಕೊನೆಗೆ ಪ್ರತಿ ಅಂಕಿಯನ್ನೂ ಎರಡು ಸಲ ಕಳಿಸಿ, ಎರಡೂ ಒಂದೇ ಆಗಿದ್ದರೆ ಮಾತ್ರ ನಂಬುವಂತೆ ಮಾಡಿದರು.

ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಬಿಜಾಪುರದ ಕಡೆಯ ಮಿಸ್ತ್ರಿ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. "ಅಕ್ಕಾರ, ಅಲ್ಲಿ ಕೈ ಹಚ್ಚಬ್ಯಾಡ್ರಿ, ಸುಡತೈತಿ" ಎಂದು ತಾವೇ ಏಣಿ ಹತ್ತಿ ಪೈಪಿಗೆ ನಮ್ಮ ಸೆನ್ಸರ್ ಕೂರಿಸಿದರು. ಊಟದ ಹೊತ್ತಿಗೆ ತಮ್ಮ ಜೋಳದ ರೊಟ್ಟಿ ಮುರಿದು ಮೇಡಂಗೂ ಕೊಟ್ಟರು. ಫೋರ್ಟಿನ ಪರದೆಯ ಮೇಲೆ ಮೊದಲ ಸಲ ಅಂಕಿ ಮೂಡಿದಾಗ ಮೇಡಂ ಫೋನು ಮಾಡಿ ತಿಳಿಸಿದ್ದು ಮಿಸ್ತ್ರಿಗೇ.

ಮಳೆಗಾಲದಲ್ಲಿ ಕಾರ್ಖಾನೆಗೆ ಒದ್ದೆ ಕಲ್ಲಿದ್ದಲು ಬಂತು. ಉರಿ ಏಳಲಿಲ್ಲ, ಒತ್ತಡ ಇಳಿಯಿತು. ಸೇಠ್ ಕಂಡದ್ದು ಇಳಿದ ಅಂಕಿಯನ್ನು ಮಾತ್ರ. ಮಿಸ್ತ್ರಿ ನಿದ್ದೆ ಹೊಡೆಯುತ್ತಾನೆಂದು ಕೆಲಸದಿಂದ ತೆಗೆದುಹಾಕಿದರು.

ಸುದ್ದಿ ತಿಳಿದು ಮೇಡಂ ನನ್ನನ್ನೂ ಕರೆದುಕೊಂಡು ಲೋಕಲ್ ರೈಲು ಹತ್ತಿ ಫೋರ್ಟಿಗೆ ಹೋದರು. ಒದ್ದೆ ಕಲ್ಲಿದ್ದಲಿನ ಮಾತು ಎತ್ತುತ್ತಿದ್ದಂತೆ ಸೇಠ್ ಪರದೆಯತ್ತ ಬೆರಳು ತೋರಿಸಿ ಕೇಳಿದರು: "ಮೇಡಂ, ಆಪ್ ಕಾ ಮಷೀನ್ ಝೂಟ್ ಬೋಲ್ತಾ ಹೈ ಕ್ಯಾ?"

ಎಷ್ಟೋ ತಿಂಗಳು ಒದ್ದಾಡಿ, ಮಷೀನು ಸುಳ್ಳು ಅಂಕಿ ಹೇಳದಂತೆ ಕಾದವರು ಮೇಡಂ. "ನಹೀ" ಎಂದರು.

"ಫಿರ್?" ಮತ್ತಿನ್ನೇನು ಎಂಬಂತೆ ಸೇಠ್ ಬೇರೆ ಕಾಗದ ಎಳೆದುಕೊಂಡರು. ಮೇಡಂ ಮತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಸೇಠ್ ಯಾರಿಗೋ ಫೋನು ಹಚ್ಚಿದ್ದರು.

ಮರುದಿನ ಮಿಸ್ತ್ರಿಯ ವಠಾರದ ಕೋಣೆಗೆ ಹೋದೆವು. ಬಾಗಿಲಿಗೆ ಬೀಗ. ಊರಿಗೆ ಹೋದರೆಂದು ಕೆಲವರು, ಭಿವಂಡಿಗೆ ಎಂದು ಕೆಲವರು. ಮೇಡಂ ಆಮೇಲೂ ಹುಡುಕಿಸಿದರು. ಸಿಗಲಿಲ್ಲ.

ಅಂದಿನಿಂದ ಅವರು ಮಾಡಿದ ಪ್ರತಿ ಉಪಕರಣದಲ್ಲೂ ಒಂದು ಸಾಲು ಗುಂಡಿಗಳಿರುತ್ತಿದ್ದವು. ಒಂದೊಂದರ ಮೇಲೂ ಒಂದೊಂದು ಕಾರಣ: ಕಲ್ಲಿದ್ದಲು ಒದ್ದೆ, ನೀರಿಲ್ಲ, ಕರೆಂಟಿಲ್ಲ. ಯಂತ್ರದ ಪಕ್ಕ ನಿಂತವರು ಒತ್ತಿದರೆ ಅಂಕಿಯ ಜೊತೆಗೇ ಕಾರಣವೂ ಹೋಗಬೇಕು. ಖರ್ಚು ಜಾಸ್ತಿಯೆಂದು ಗೊಣಗಿದ ಗಿರಾಕಿಗಳನ್ನು ಅವರು ಬಿಟ್ಟುಕೊಟ್ಟರೇ ಹೊರತು ಗುಂಡಿಗಳನ್ನು ಬಿಡಲಿಲ್ಲ. ಇಂದು ನಾನು ಕಾರ್ಖಾನೆಯ ಯಂತ್ರಗಳನ್ನು ವೆಬ್‌ಸೈಟುಗಳಿಗೆ ಜೋಡಿಸುವಾಗಲೂ ಕಾರಣಕ್ಕೊಂದು ಜಾಗ ಇಟ್ಟೇ ಇಡುತ್ತೇನೆ. ಅದು ನಾನು ಅವರಿಂದ ಪಡೆದದ್ದು.

ತೊಂಬತ್ತರ ದಶಕದ ಆರಂಭದಲ್ಲಿ ಅವರಿಗೆ ಕ್ಯಾನ್ಸರ್ ಆಯಿತು. ಬಾಂದ್ರಾದ ಆಸ್ಪತ್ರೆಯಲ್ಲಿ ನೋಡಲು ಹೋದಾಗ, "ಮಷೀನು ಸುಳ್ಳು ಹೇಳಲ್ಲ, ಆದ್ರೆ ಅದಕ್ಕೆ ಎಲ್ಲಾ ಗೊತ್ತಿಲ್ಲ ಅಂತ ಅವತ್ತು ಸೇಠ್‌ಗೆ ಅಂದಿದ್ರೆ ಆಗ್ತಿತ್ತಲ್ವಾ?" ಎಂದರು.

"ಸೇಠ್ ಕೇಳ್ತಿರಲಿಲ್ಲ ಮೇಡಂ."

"ಕೇಳ್ತಿದ್ರೋ ಇಲ್ವೋ. ನಾನು ಹೇಳಬೇಕಿತ್ತು."

ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ತಿಳಿಸಬೇಕಾದವರಿಗೆಲ್ಲ ನಾನೇ ಫೋನು ಮಾಡಿದೆ. ಮಿಸ್ತ್ರಿಗೆ ತಿಳಿಸುವ ದಾರಿ ಮಾತ್ರ ನನಗೆ ಗೊತ್ತಿರಲಿಲ್ಲ.