ದನಿ ಹೋದಾಗ ಅವರು ಓದಿದ ಅಧ್ಯಾಯ

ಭಾನುವಾರ ಚರ್ಚಿನ ಆರಾಧನೆಯಲ್ಲಿ ಕನ್ನಡ ಬೈಬಲನ್ನು, ನಮ್ಮ ಮಾತಿನಲ್ಲಿ ಸತ್ಯವೇದವನ್ನು, ಓದುವುದು ನನ್ನ ಪಾಲಿನ ಕೆಲಸ. ಅವತ್ತು ಅರ್ಧ ಓದುವಷ್ಟರಲ್ಲಿ ದನಿ ಒಡೆಯಿತು. ಕೆಮ್ಮಿದೆ. ನೀರು ಕುಡಿದೆ. ಮತ್ತೆ ಒಡೆಯಿತು. ಶೀತವಿರಬೇಕು ಎಂದು ಮನೆಗೆ ಬಂದು ಮೆಣಸಿನ ಕಷಾಯ ಕುಡಿದೆ. ಕಷಾಯಕ್ಕೆ ಬಗ್ಗುವ ಶೀತವಲ್ಲ ಅದು. ಕನ್ನಡಿ ಮುಂದೆ ತಲೆ ಬಾಚುವಾಗ ನೋಡಿದರೆ ಕತ್ತಿನಲ್ಲೊಂದು ಗಂಟು. ಎಂಜಲು ನುಂಗಿದರೆ ಅದೂ ಮೇಲೆ ಕೆಳಗೆ ಓಡಾಡುತ್ತಿತ್ತು.

ಸ್ಕ್ಯಾನ್ ಆಯಿತು. ಬಯಾಪ್ಸಿ ಆಯಿತು. ರಿಪೋರ್ಟ್ ಬಂತು.

ಥೈರಾಯ್ಡ್ ಕ್ಯಾನ್ಸರ್.

"ಇದು ಒಳ್ಳೆ ಕ್ಯಾನ್ಸರ್ ಅಮ್ಮ, ಭಯ ಬೇಡ," ಎಂದರು ಡಾಕ್ಟರು. ಕ್ಯಾನ್ಸರಿನಲ್ಲೂ ಒಳ್ಳೆಯದು, ಕೆಟ್ಟದ್ದು ಇದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ದನಿಯ ನರ ಗಡ್ಡೆಗೆ ಅಂಟಿಕೊಂಡಂತಿದೆ, ಸರ್ಜರಿಯ ನಂತರ ಕೆಲವು ತಿಂಗಳು ದನಿ ಇರುವುದಿಲ್ಲ, ಕೆಲವರಿಗೆ ಪೂರ್ತಿ ಮರಳುವುದೂ ಇಲ್ಲ ಎಂದು ಮೊದಲೇ ಬಿಡಿಸಿ ಹೇಳಿದರು. ಒಪ್ಪಿದೆವು. ಸರ್ಜರಿ ಆಯಿತು. ನಾನು ಎದ್ದೆ. ದನಿ ಏಳಲಿಲ್ಲ.

'ಬಾಯೊಂದಿಲ್ಲದಿದ್ದರೆ ಇವಳನ್ನು ನಾಯಿ ಎಳ್ಕೊಂಡು ಹೋಗ್ತಿತ್ತು' ಎಂದು ನಮ್ಮ ಅತ್ತೆ ನನ್ನನ್ನು ಆಡಿಕೊಳ್ಳುತ್ತಿದ್ದರು. ಅಂಥವಳು ಸನ್ನೆ ಮಾಡಿ ಉಪ್ಪು ಕೇಳುವಂತಾಯಿತು. ತುಂಬಾ ಅತ್ತುಬಿಟ್ಟೆ. ದನಿಯಿಲ್ಲದೆ ಅತ್ತರೆ ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗುವುದಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆಯೇ ದೊಡ್ಡ ಪ್ರಶ್ನೆ ಎದ್ದಿತು. ನಮ್ಮ ಮನೆಯಲ್ಲಿ ದೀಪ ಹಾಕಿದ ಮೇಲೆ ಒಂದು ಅಧ್ಯಾಯ ಓದಿ ಪ್ರಾರ್ಥನೆ ಮಾಡದೆ ಊಟವಿಲ್ಲ. ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದಕ್ಕೆ ಓದಬೇಕು, ಹಾರಿಸುವಂತಿಲ್ಲ. ಇಷ್ಟು ವರ್ಷ ಓದುತ್ತಿದ್ದವಳು ನಾನು. ನಮ್ಮವರು, ಅಂದರೆ ಸ್ಯಾಮುವೇಲ್, ಕಣ್ಣು ಮುಚ್ಚಿ ಕೂರುತ್ತಿದ್ದರು. ಕೇಳುತ್ತಿದ್ದರೋ ತೂಕಡಿಸುತ್ತಿದ್ದರೋ ದೇವರಿಗೇ ಗೊತ್ತು. ನಾನು ಅತ್ತೆಯ ಹಳೆಯ ಸತ್ಯವೇದವನ್ನು ಅವರ ತೊಡೆಯ ಮೇಲಿಟ್ಟೆ.

"ನಂಗೆ ಕನ್ನಡ ಓದಕ್ಕೆ ಎಲ್ ಬತ್ತದೆ ಗ್ರೇಸಿ? ಫೋನಲ್ಲಿ ತಮಿಳು ಐತೆ, ಅದ್ನೇ ಓದ್ತೀನಿ."

ಫೋನು ಕಿತ್ತುಕೊಂಡೆ. ಇವರ ಮನೆಮಾತು ಕನ್ನಡ, ಶಾಲೆ ತಮಿಳು, ತಮಿಳುನಾಡಿನ ಗಡಿಯ ನಮ್ಮ ಹೊಸೂರಿನಲ್ಲಿ ಎಷ್ಟೋ ಜನರ ಹಾಗೆ. ತಮಿಳು ಪೇಪರನ್ನು ನೀರು ಕುಡಿದಂತೆ ಓದುತ್ತಾರೆ. ಕನ್ನಡವಾದರೆ ಬೆರಳಿಟ್ಟು, ಅಕ್ಷರ ಕೂಡಿಸಿ, ಉಸಿರು ಬಿಟ್ಟು ಓದಬೇಕು. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಸಾರು ಆರಿಹೋಯಿತು.

ಇಲ್ಲಿ ಭಾವನ ವಿಷಯ ಹೇಳಬೇಕು. ಇವರ ಅಣ್ಣ ಅಬ್ರಹಾಂ ಗುಮ್ಮಳಾಪುರದಲ್ಲಿ ಬೇಸಾಯ ಮಾಡುತ್ತಾರೆ. ಅತ್ತೆ ತೀರಿಕೊಂಡದ್ದು ಅವರ ಮನೆಯಲ್ಲೇ. ಅವತ್ತು ಇವರು ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದರು, ಫೋನು ಗೇಟಿನಲ್ಲಿ ಕೊಟ್ಟು ಒಳಗೆ ಹೋಗಬೇಕು. ಸುದ್ದಿ ತಿಳಿದು ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅವ್ವನ ಮುಖ ನೋಡಲು ಬಿಡಲಿಲ್ಲ ಎಂದು ಅಣ್ಣನ ಜೊತೆ ಮಾತು ಬಿಟ್ಟವರು ಮತ್ತೆ ಆಡಿರಲಿಲ್ಲ. ಸಹೋದರನ ಮೇಲೆ ಮುನಿಸಿಟ್ಟುಕೊಂಡು ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ಮತ್ತು ದ್ರಾಕ್ಷಾರಸ, ತೆಗೆದುಕೊಳ್ಳಬಾರದೆಂಬುದು ನಮ್ಮ ಸಭೆಯ ಕಟ್ಟುನಿಟ್ಟು. ಅದಕ್ಕೇ ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ಇವರು ಬೈಕನ್ನು ನೆರಳಿಗೆ ನಿಲ್ಲಿಸಲು ಹೊರಗೆ ಹೋಗುತ್ತಿದ್ದರು. ಮಳೆಗಾಲದಲ್ಲೂ ಹೋಗುತ್ತಿದ್ದರು.

ಆ ಮೊದಲ ಸಂಜೆ ಓದುವ ಸರದಿಯಲ್ಲಿ ಬಂದದ್ದು ಕ್ರಿಸ್ತನು ಬೆಟ್ಟದ ಮೇಲೆ ಕುಳಿತು ಬೋಧಿಸಿದ ಭಾಗ. ಕನ್ನಡ ಚೆನ್ನಾಗಿ ಬರುವವರಾಗಿದ್ದರೆ ಕಣ್ಣು ಮುಂದೆ ಓಡಿ, ಏನು ಬರುತ್ತದೆಂದು ಕಂಡು, ಕೆಮ್ಮು ಬಂದಂತೆ ನಟಿಸುತ್ತಿದ್ದರೇನೋ. ಇವರಿಗೆ ಒಂದು ಪದದಾಚೆ ಕಾಣುತ್ತಿರಲಿಲ್ಲ. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು. ಆ ಮಾತನ್ನು ಕೂಡಿಸಿ ಕೂಡಿಸಿ ಓದಿದರು.

ನಿಲ್ಲಿಸಿದರು.

"ತಪ್ಪು ಮಾಡಿದ್ದು ಅವ್ನು, ಕ್ವಾಪ ನಂದು. ಇದ್ರಲ್ಲಿ ಅವ್ನಿಗೆ ನನ್ ಮ್ಯಾಲೆ ಏನೋ ಐತೆ ಅಂತ ಬರ್ದೈತಲ್ಲ?"

ನನ್ನೊಳಗೆ ಒಂದು ದೊಡ್ಡ ಉಪದೇಶವೇ ಸಿದ್ಧವಾಗಿತ್ತು. ದನಿಯಿದ್ದಿದ್ದರೆ ಶುರುಮಾಡಿಬಿಡುತ್ತಿದ್ದೆ, ಇವರು ಎದ್ದು ಹೋಗಿಬಿಡುತ್ತಿದ್ದರು. ಈಗ ಬಾಯಿ ಮುಚ್ಚಿ ಕೂತೆ, ಬೇರೆ ದಾರಿಯಿರಲಿಲ್ಲ. ಇವರು ಬೆರಳಿಟ್ಟು ಮತ್ತೆ ಓದಿದರು. ಮತ್ತೊಮ್ಮೆ, ತೀರ ಸಣ್ಣಗೆ. ಆಮೇಲೆ ನನ್ನ ಕಡೆ ತಿರುಗಿ, "ಅವ್ನಿಗೆ ನನ್ ಮ್ಯಾಲೆ ಏನಿರ್ಬೈದು?" ಎಂದರು. ಮದುವೆಯಾದಾಗಿನಿಂದ ಇವರು ಇಂಥ ಪ್ರಶ್ನೆ ಕೇಳಿದ್ದೇ ಇಲ್ಲ. ನಾನು ಎಷ್ಟು ಓದಿದರೂ ಆಗದ್ದನ್ನು ಆ ಮಾತು ತಾನೇ ಮಾಡುತ್ತಿತ್ತು, ನನ್ನ ಕಣ್ಣೆದುರಿಗೇ.

ಬೆಳಗ್ಗೆ ಇವರು ಬೈಕ್ ತೆಗೆಯುವಷ್ಟರಲ್ಲಿ ನಾನು ಸೆರಗನ್ನು ಕತ್ತಿಗೆ ಸುತ್ತಿ ಹಿಂದೆ ಹತ್ತಿದ್ದೆ. "ಹೊಲಿಗೆ ಇನ್ನೂ ಹಸಿ ಐತೆ, ಇಳಿ" ಎಂದರು. ಇಳಿಯಲಿಲ್ಲ. ತಳಿ ಊರು ದಾಟಿ ಗುಮ್ಮಳಾಪುರದ ದಾರಿ ಹಿಡಿದರು.

ಭಾವ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಬನ್ನಿ ಎನ್ನಲಿಲ್ಲ. ಇವರೂ ಬೈಕಿನ ಪಕ್ಕದಲ್ಲೇ ನಿಂತು ಕೇಳಿದರು, "ಅಣ್ಣ, ನಿಂಗೆ ನನ್ ಮ್ಯಾಲೆ ಏನೈತೆ? ಹೇಳ್ಬುಡು."

ಭಾವ ಹುಲ್ಲು ಕೆಳಗಿಟ್ಟರು. "ಈಗ ಕೇಳಕ್ ಬಂದ್ಯಾ? ಅವ್ವುನ್ ಮುಖ ತೋರ್ಸ್ಲಿಲ್ಲ ಅಂತ ಊರಿಗೆಲ್ಲ ಹೇಳ್ದೆ. ಹಾಸ್ಗೆ ಹಿಡ್ದಿದ್ದಾಗ ನಾನೊಬ್ನೇ ಎತ್ತಿ ಕೂರ್ಸ್ದೆ, ತೊಳ್ದೆ. ಸ್ಯಾಮು ಬಂದ್ನಾ, ಸ್ಯಾಮು ಬಂದ್ನಾ ಅಂತ ದಿನಾ ಕೇಳೋಳು. ಆ ಮುಖದಾಗೆ ಉಸ್ರಿದ್ದಾಗ ಎಷ್ಟ್ ದಪ ಬಂದ್ ನೋಡ್ದೆ ಕಣ್ಲಾ?"

ಇವರು ಬೈಕ್ ಬಿಟ್ಟು ಅಣ್ಣನ ಹತ್ತಿರ ಬಂದರು.

"ಬರ್ಲಿಲ್ಲ ಕಣಣ್ಣ," ಎಂದರು ಇವರು. "ತಪ್ಪಾಯ್ತು."

"ನಾನೂ ನಿಂಗೋಸ್ಕರ ಒಂದಷ್ಟು ಹೊತ್ತು ಕಾಯ್ಬೈದಾಗಿತ್ತು," ಎಂದರು ಭಾವ. ಆಮೇಲೆ ನನ್ನ ಕತ್ತು ಕಂಡಿತು. "ಇದೇನಮ್ಮ ಗ್ರೇಸಮ್ಮ?" ಸೆರಗು ಸರಿಸಿ ತೋರಿಸಿದೆ. ತುಟಿ ಆಡಿಸಿದೆ, ಗಾಳಿ ಬಂತು ಅಷ್ಟೆ. ಭಾವ ತಮ್ಮನನ್ನು ಹಿಡಿದುಕೊಂಡು, ಇಷ್ಟಾದರೂ ಒಂದು ಮಾತು ಹೇಳಲಿಲ್ಲವಲ್ಲ ಎಂದು ಬೈಯುತ್ತ ಅತ್ತರು. ಇಬ್ಬರೂ ಅತ್ತರು. ನನಗೆ ಕುಣಿಯಬೇಕೆನ್ನಿಸಿತು, ಹೊಲಿಗೆ ಬಿಡಲಿಲ್ಲ.

ಮುಂದಿನ ಕರ್ತನ ಭೋಜನಕ್ಕೆ ಇವರು ಎಲ್ಲರಿಗಿಂತ ಮೊದಲು ಎದ್ದು ಮುಂದೆ ಹೋದರು.

ಈಗ ದಿನಾ ಖಾಲಿ ಹೊಟ್ಟೆಯಲ್ಲಿ ಮಾತ್ರೆ. ಮುಂದಿನ ಸ್ಕ್ಯಾನ್ ಬಾಕಿಯಿದೆ, ಅದರಲ್ಲಿ ಏನು ಬರುತ್ತದೋ ಗೊತ್ತಿಲ್ಲ. ಹೆದರಿಕೆ ಪೂರ್ತಿ ಹೋಗಿಲ್ಲ, ಕೃತಜ್ಞತೆ ಅದಕ್ಕಿಂತ ದೊಡ್ಡದಿದೆ. ಸ್ಪೀಚ್ ಥೆರಪಿಯಿಂದ ದನಿ ಮುಕ್ಕಾಲು ಪಾಲು ಬಂದಿದೆ. ತರಕಾರಿಯವನ ಜೊತೆ ಚೌಕಾಸಿ ಮಾಡುತ್ತೇನೆ, ಭಾವನಿಗೆ ಫೋನು ಮಾಡಿ ಅರ್ಧ ಗಂಟೆ ಹರಟುತ್ತೇನೆ. ಸಂಜೆ ದೀಪ ಹಾಕಿ ಸತ್ಯವೇದ ತೆಗೆಯುವ ಹೊತ್ತಿಗೆ ಸರಿಯಾಗಿ ಮಾತ್ರ ನನ್ನ ಗಂಟಲು ಕಟ್ಟುತ್ತದೆ. ಇದನ್ನು ಡಾಕ್ಟರಿಗೆ ಹೇಳಿಲ್ಲ, ಹೇಳಿದರೂ ಅವರು ನಂಬುವುದಿಲ್ಲ. ನಮ್ಮವರು ನಂಬುತ್ತಾರೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಓದಲು ಕೂರುತ್ತಾರೆ.