ಮೆಸ್ಸಿನ ಅಕ್ಕ ಕಲಿಸಿದ ‘ಮೇಸಾ’

ಮೊನ್ನೆ ಹುಣಸೂರಿನಿಂದ ಬರುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಯಾರೋ ಕೊಡಗಿನ ಕಿತ್ತಳೆ ಸುಲಿದರು. ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸರಗೂರಿನ ಮೆಸ್ಸಿನ ಅಕ್ಕ ಕಣ್ಮುಂದೆ ಬಂದರು. ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ ಅಕ್ಕ ಹೀಗೆಯೇ ಕಿತ್ತಳೆ ಸುಲಿದು, ತೊಳೆ ಬಿಡಿಸಿ ನನ್ನ ಮುಂದೆ ಇಡುತ್ತಿದ್ದರು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲೇ ಅವರ ಮೆಸ್ಸಿತ್ತು. ಮುದ್ದೆ, ಉಪ್ಸಾರು, ಅನ್ನ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮೈಸೂರಿನ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರಂತೆ. ಆ ಮನೆಯವರು ಸ್ಪೇನಿಗೆ ಹೊರಟಾಗ ಇವರನ್ನೂ ಕರೆದುಕೊಂಡು ಹೋದರು. ಮಕ್ಕಳು ದೊಡ್ಡವರಾದ ಮೇಲೆ ವಾಪಸ್ ಬಂದ ಅಕ್ಕನಿಗೆ ಅಲ್ಲಿನ ಭಾಷೆ ನೀರು ಕುಡಿದಷ್ಟು ಸಲೀಸು. ಸರಗೂರಿನಲ್ಲಿ ಅದನ್ನು ಯಾರ ಹತ್ತಿರ ಆಡುವುದು? ಕೋಪ ಬಂದಾಗ ಬೀದಿಯ ಹಸುಗಳನ್ನು ಆ ಭಾಷೆಯಲ್ಲಿ ಬೈಯುತ್ತಿದ್ದರು, ಅಷ್ಟೇ.

ನಾನಾಗ ಕಬಿನಿ ಹಿನ್ನೀರಿನ ದಡದ ಒಂದು ರೆಸಾರ್ಟಿನಲ್ಲಿ ಊಟ ಬಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗದಿದ್ದರೆ ನಮ್ಮೂರು ಹನಗೋಡಿಗೆ ಮರಳಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಎಲೆ ಕಟ್ಟುತ್ತಾ, ಅಪ್ಪ ಗಂಡು ಹುಡುಕುವುದನ್ನೇ ಕಾಯುತ್ತಾ ಕೂರಬೇಕಿತ್ತು. ಅದು ನನಗೆ ಬೇಡವಾಗಿತ್ತು.

ಹಾಗಿರುವಾಗ ಸ್ಪೇನಿನ ಒಂದು ಕುಟುಂಬ ಬಂತು. ಉಂಡವರು ಎಂಜಲು ತಟ್ಟೆಯ ಮುಂದೆ ಕೂರಬಾರದು, ಕೈ ಒಣಗಬಾರದು, ಊಟದ ಜಾಗವನ್ನು ತಕ್ಷಣ ಒರೆಸಬೇಕು ಎಂದು ಬೆಳೆದವಳು ನಾನು. ಅವರು ಚಮಚ ಕೆಳಗಿಟ್ಟ ಕೂಡಲೇ ತಟ್ಟೆ ಎತ್ತಿದೆ, ಮೇಜು ಒರೆಸಿದೆ, ಲೋಟವನ್ನೂ ಬಿಡಲಿಲ್ಲ. ಪಾಪ, ಮುಖ ಮುಖ ನೋಡಿಕೊಂಡು ಎದ್ದುಹೋದರು. ನಾನೋ, ಎಷ್ಟು ಚುರುಕಾಗಿ ಮಾಡಿದೆ ಎಂದು ಬೀಗುತ್ತಿದ್ದೆ! ಸಂಜೆ ಮ್ಯಾನೇಜರ್ ಕರೆಸಿದರು.

“ಗೆಸ್ಟ್‌ಗಳನ್ನ ಎಬ್ಬಿಸಿ ಕಳಿಸ್ತೀಯೇನಮ್ಮ? ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಕಾಯಂ ಆಗಲ್ಲ.”

ಅಳುತ್ತಾ ಅಕ್ಕನ ಮೆಸ್ಸಿಗೆ ಬಂದೆ. ಅಕ್ಕ ಕೇಳಿ, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. “ನಾನೂ ಇಂಗೇ ಮಾಡಿದ್ದೆ ಕಣವ್ವ. ನಾಳೆ ಮಧ್ಯಾನ ಬಾ, ಒಂದು ಮಾತು ಕಲುಸ್ತೀನಿ” ಎಂದರು.

ಆ ಮಾತು ‘ಮೇಸಾ’. ಮೇಜು ಎಂದರ್ಥ. ಇಷ್ಟೇನಾ ಎಂದುಕೊಂಡೆ. ಅಕ್ಕ ಮೆಸ್ಸಿನ ಮೇಜನ್ನೇ ಪಾಠಕ್ಕೆ ಇಟ್ಟರು. ತಟ್ಟೆ, ಲೋಟ, ಚಮಚ ಜೋಡಿಸಿದರೆ ಮೇಸಾ ‘ಹಾಕಿದಂತೆ’. ಬಳಿದು ತೆಗೆದರೆ ಮೇಸಾ ‘ಎತ್ತಿದಂತೆ’. ಊಟಕ್ಕೆ ಕರೆಯುವಾಗ ಊಟದ ಹೆಸರನ್ನೇ ಎತ್ತಬೇಕಿಲ್ಲ, ‘ಆ ಲಾ ಮೇಸಾ’ ಎಂದು ಕೂಗಿದರೆ ಮನೆಮಂದಿಯೆಲ್ಲ ಬಂದು ಕೂರುತ್ತಾರೆ. ಇನ್ನು ಉಂಡಾದ ಮೇಲೆ ಹಣ್ಣು ತಿನ್ನುತ್ತಾ, ಕಾಫಿ ಕುಡಿಯುತ್ತಾ, ಮಾತಾಡುತ್ತಾ ಅಲ್ಲೇ ಕೂತಿರುತ್ತಾರಲ್ಲ, ಆ ಹೊತ್ತಿಗೇ ಒಂದು ಹೆಸರಿದೆ: ‘ಸೋಬ್ರೆಮೇಸಾ’. ನಾನು ಎತ್ತಿ ಒರೆಸಿ ಹಾಕಿದ್ದು ಅದನ್ನೇ.

ಮಾತು ಬಂದರೆ ಸಾಲದು, ಕೂತು ಕಲಿಯಬೇಕು ಎಂದು ಅಕ್ಕನ ಹಟ. ವಾರದ ರಜೆಯ ದಿನ ನನಗೆ ಅವರೊಂದಿಗೇ ಊಟ. ಕೈ ತೊಳೆದು ಬಂದು ಅದೇ ಜಾಗದಲ್ಲಿ ಕೂತರೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ.

“ಅಕ್ಕ, ತಟ್ಟೆ ತೊಳ್ದುಬುಡ್ಲಾ?”

“ಏಳ್ಬ್ಯಾಡ ಅಂದ್ನಲ್ಲ. ತಟ್ಟೆ ಎಲ್ಲಿಗೂ ಓಡೋಗಕಿಲ್ಲ, ಕೂತ್ಕ.”

ಹಾಗೆ ಕೂತಾಗಲೇ ಒಂದು ದಿನ ಅಕ್ಕ ಬಾಯಿ ಬಿಟ್ಟರು. ಅತ್ತೆಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಪಕ್ಕ ಉಂಡಿದ್ದು, ಸ್ಪೇನಿನಲ್ಲೂ ಅಡುಗೆಮನೆಯಲ್ಲಿ ನಿಂತೇ ಉಂಡಿದ್ದು. ಅಲ್ಲಿ ಕೆಳಗಿನ ಮನೆಯ ಮುದುಕಿ ಮಾತ್ರ ಭಾನುವಾರ ಮೆಟ್ಟಿಲ ಬುಡದಲ್ಲಿ ನಿಂತು ಇವರ ಹೆಸರು ಹಿಡಿದು ‘ಆ ಲಾ ಮೇಸಾ’ ಎಂದು ಕೂಗುತ್ತಿದ್ದಳಂತೆ. “ಬಾ, ಕೂತ್ಕ ಅಂತ ನನ್ನ ಕರ್ದೋಳು ಅವಳೊಬ್ಳೇ ಕಣವ್ವ” ಎಂದವರು ಇನ್ನೊಂದು ಕಿತ್ತಳೆ ಸುಲಿಯತೊಡಗಿದರು. ಸಾವಿರಾರು ಜನಕ್ಕೆ ಉಣ್ಣಲು ಇಟ್ಟ ಕೈ ಅದು.

ಆ ಋತುವಿನಲ್ಲೇ ಮತ್ತೊಂದು ಸ್ಪೇನಿನ ಗುಂಪು ಬಂತು. ಉಂಡಾದ ಮೇಲೆ ನಾನು ತಟ್ಟೆ ಮುಟ್ಟಲಿಲ್ಲ. ಹಣ್ಣು ಇಟ್ಟು, ಕಾಫಿ ತಂದು, “ಸೋಬ್ರೆಮೇಸಾ” ಎಂದು ಹೇಳಿ ಹಿಂದೆ ಸರಿದೆ. ಅವರು ಬೆರಗಾಗಿ ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳು ಕೆಲಸ ಕಾಯಂ ಆಯಿತು. ಸುದ್ದಿ ಕೇಳಿ ಅಕ್ಕ ನನಗಿಂತ ಹೆಚ್ಚು ಹಿಗ್ಗಿದರು.

ಅಕ್ಕ ತೀರಿಕೊಂಡು ಈಗ ಕೆಲವು ವರ್ಷ. ಮೆಸ್ಸಿದ್ದ ಕಡೆ ಮೊಬೈಲ್ ಅಂಗಡಿ ಬಂದಿದೆ. ನಾನು ಹೊಸ ಹುಡುಗಿಯರಿಗೆ ಕೆಲಸ ಕಲಿಸುವಷ್ಟು ಹಳಬಳಾಗಿದ್ದೇನೆ. ವಿದೇಶದವರು ಉಂಡು ಹರಟುತ್ತಾ ಕೂತಾಗ ದೂರದಲ್ಲಿ ನಿಂತು ನೋಡುತ್ತೇನೆ. ಕೋಣೆಗೆ ಬಂದರೆ ನಾನೊಬ್ಬಳೇ ಉಂಡು, ಕೈ ತೊಳೆದು, ತಟ್ಟೆ ತೊಳೆದು ಮಲಗುತ್ತೇನೆ... ಉಂಡಾಯಿತಲ್ಲ, ಇನ್ನೂ ಸ್ವಲ್ಪ ಹೊತ್ತು ಕೂತಿರು ಎನ್ನುವವರು ಸರಗೂರಿನಲ್ಲಿ ನನಗೆ ಈಗ ಯಾರೂ ಇಲ್ಲ.