ಎಡಗಣ್ಣಿನ ಅಳು

ನಮ್ಮ ಮನೆಯೊಡತಿಗೆ ಎಡಗಣ್ಣೊಂದರಿಂದಲೇ ಅಳಲು ಬರುತ್ತಿತ್ತು. ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಹೋದ ಮೊದಲ ವಾರವೇ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಮಾಡಿ ತೋರಿಸಿದರು. ರೆಪ್ಪೆ ಬಡಿಯದೆ ಕಿಟಕಿಯನ್ನೇ ನೋಡಿದರು. ಎಡಗಣ್ಣು ತುಂಬಿ, ಒಂದು ಹನಿ ಕೆನ್ನೆಯ ಸುಕ್ಕು ಹಿಡಿದು ಗದ್ದಕ್ಕೆ ಇಳಿಯಿತು. ಬಲಗಣ್ಣು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಒಣಗಿತ್ತು.

"ಕ್ಯಾಮೆರಾ ಎಡಗಡೆ ಇರ್ತಿತ್ತು. ಬಲಗಡೆ ಮೇಕಪ್ ಯಾಕೆ ಹಾಳು ಮಾಡ್ಬೇಕು?" ಎಂದು ಏಪ್ರನ್ನಿನಿಂದ ಗದ್ದ ಒರೆಸಿಕೊಂಡರು.

ಅವರು ಮೆಕ್ಸಿಕೋದವರು. ನಮ್ಮಿಬ್ಬರ ಮಾತುಕತೆ ನಡೆಯುತ್ತಿದ್ದುದು ಮುರುಕು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯ ಹೆಂಗಸರನ್ನು ಆಂಟಿ ಎಂದೇ ಕರೆದು ರೂಢಿಯಾಗಿದ್ದ ನನ್ನ ಬಾಯಲ್ಲಿ ಅವರೂ ಆಂಟಿಯೇ ಆದರು.

ಆಗಲೇ ತೊಂಬತ್ತು ದಾಟಿದ್ದರು. ಮೆಕ್ಸಿಕೋದಲ್ಲಿ ಮಾತಿನ ಚಿತ್ರಗಳು ಶುರುವಾದ ಹೊಸತರಲ್ಲಿ, ಏಳು ವರ್ಷದ ಹುಡುಗಿಯಾಗಿ ಬಣ್ಣ ಹಚ್ಚಿದವರು. ಹತ್ತು ವರ್ಷ ಗುಂಪಿನಲ್ಲಿ ನಿಂತರು, ಕುಣಿದರು, ನಾಯಕಿಗೆ ಛತ್ರಿ ಹಿಡಿದರು. ಹದಿನೇಳಕ್ಕೆ ಒಂದು ನಿಜವಾದ ಪಾತ್ರ ಸಿಕ್ಕಿತು: ರೈಲ್ವೆ ಸ್ಟೇಷನ್ನಿನಲ್ಲಿ ಅಣ್ಣನನ್ನು ಬೀಳ್ಕೊಡುವ ತಂಗಿ. ಚಿತ್ರ ತೆರೆಗೆ ಬರುವಷ್ಟರಲ್ಲಿ ಮದುವೆಯಾಗಿತ್ತು. ಗಂಡ ಅದನ್ನು ನೋಡಲು ಬಿಡಲಿಲ್ಲ. ನ್ಯೂಯಾರ್ಕಿಗೆ ಕರೆತಂದ. ಇಲ್ಲಿ ಮೂವತ್ತು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕೋಟಿಗೆ ಕಾಲರ್ ಹೊಲಿದರು. ಆ ಚಿತ್ರದ ಪ್ರತಿಗಳೆಲ್ಲ ಗೋದಾಮಿನ ಬೆಂಕಿಯಲ್ಲಿ ಸುಟ್ಟುಹೋದವಂತೆ. ಉಳಿದದ್ದು ಚಿತ್ರದ ಎಡಿಟರ್ ಇವರ ಮದುವೆಗೆ ಉಡುಗೊರೆಯಾಗಿ ಕೊಟ್ಟಿದ್ದ, ಆ ಸ್ಟೇಷನ್ ದೃಶ್ಯದ ಸಣ್ಣ ಸುರುಳಿ ಒಂದೇ. ಅದು ತಗಡಿನ ಡಬ್ಬಿಯಲ್ಲಿ, ಗಂಡನ ಕಣ್ಣಿಗೆ ಬೀಳದಂತೆ ಹೊಲಿಗೆ ಬಟ್ಟೆಗಳ ಅಡಿಯಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಹೊರಗೆ ತೆಗೆದರೆ ಅದನ್ನು ತೋರಿಸುವ ಯಂತ್ರ ಎಲ್ಲಿಯೂ ಇರಲಿಲ್ಲ.

"ನಾನು ಅತ್ತಿದ್ದು ಊರೆಲ್ಲ ನೋಡ್ತು. ನಾನೊಬ್ಬಳೇ ನೋಡಿಲ್ಲ. ಒಂದ್ಸಲ ನೋಡ್ಬೇಕು ಮಗಳೇ" ಎನ್ನುತ್ತಿದ್ದರು.

ನಮ್ಮವರು ಸುಮ್ಮನೆ ಕೂರುವವರಲ್ಲ. ಹಳೇ ಫಿಲ್ಮುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ನ್ಯೂಜೆರ್ಸಿಯ ಒಂದು ಲ್ಯಾಬ್ ಹುಡುಕಿದರು. "ಮಂಡೇ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ನಾನೇ ಡ್ರೈವ್ ಮಾಡ್ಕೊಂಡ್ ಹೋಗಿ ಕೊಟ್ಟು ಬರ್ತೀನಿ. ಇದ್ದ ಹಾಗೇ ತನ್ನಿ ಅಂದಿದಾರೆ" ಎಂದರು. ಆಂಟಿ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ತಂದು ನನ್ನ ಕೈಗೆ ಕೊಟ್ಟರು.

ನಾನು ಮೈಸೂರಿನಲ್ಲಿ ಬೆಳೆದವಳು. ನಮ್ಮಮ್ಮ ಮಿಕ್ಸಿ ಕೆಟ್ಟರೆ ತೊಳೆದು ಒರೆಸಿ ರಿಪೇರಿಗೆ ಕಳಿಸುತ್ತಿದ್ದಳು. ಕೊಳೆ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಮನೆಯ ಮರ್ಯಾದೆ ಹೋದಂತೆ. ಭಾನುವಾರ ಮಧ್ಯಾಹ್ನ ಡಬ್ಬಿ ತೆರೆದೆ. ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಸುರುಳಿ ಜಿಡ್ಡುಜಿಡ್ಡಾಗಿತ್ತು. ಹಿತ್ತಲಲ್ಲಿ ಚಾಪೆ ಹಾಸಿ, ಮೆತ್ತನೆಯ ಹಳೇ ಕಾಟನ್ ಸೀರೆಯ ತುಂಡೊಂದನ್ನು ಒದ್ದೆ ಮಾಡಿಕೊಂಡು, ಒಂದೊಂದೇ ಗೇಣು ಬಿಡಿಸುತ್ತ ಒರೆಸಿದೆ. ಬಟ್ಟೆಗೆ ಕಾಡಿಗೆಯಂಥ ಕಪ್ಪು ಹತ್ತಿತು. ಎಷ್ಟು ವರ್ಷದ ಕೊಳೆಯಪ್ಪ ಎಂದುಕೊಂಡು ಇನ್ನಷ್ಟು ಒತ್ತಿ ಒರೆಸಿದೆ. ಪಟ್ಟಿ ಗಾಜಿನ ಹಾಗೆ ತಿಳಿಯಾಯಿತು. ರೇಷ್ಮೆ ಸೀರೆಗೆ ಗಾಳಿಯಾಡಿಸುವಂತೆ ತಂತಿಯ ಮೇಲೆ ಹರವಿದೆ. ಮನಸ್ಸಿಗೆ ಎಷ್ಟು ಸಮಾಧಾನವಾಗಿತ್ತೆಂದು ಈಗಲೂ ನೆನಪಿದೆ.

ಸೋಮವಾರ ನಮ್ಮವರು ಲ್ಯಾಬಿನ ಕಾರ್ ಪಾರ್ಕಿನಿಂದಲೇ ಫೋನ್ ಮಾಡಿದರು. "ಏನ್ ಮಾಡ್ದೆ ಇದನ್ನ?"

"ಒರೆಸ್ದೆ. ಗಲೀಜಾಗಿತ್ತಲ್ಲ."

"ಅದು ಗಲೀಜಲ್ಲ ಕಣೇ. ಅದೇ ಪಿಕ್ಚರು. ಹಳೇದಾಗಿ ಸಡಿಲ ಆಗಿತ್ತಂತೆ, ನೀರು ತಾಗಿದ್ದಕ್ಕೆ ಎದ್ದು ಬಂದ್ಬಿಟ್ಟಿದೆ. ಪ್ಲಾಸ್ಟಿಕ್ ಮಾತ್ರ ಉಳಿದಿದೆ ಅಂತಿದಾರೆ."

ಲ್ಯಾಬಿನಲ್ಲೇ ಹಾಳಾಯಿತೆಂದು ಹೇಳಿಬಿಡೋಣ ಎನ್ನಿಸಿತು. ಮೆಟ್ಟಿಲಿಳಿಯುವವರೆಗೂ ಆ ಸುಳ್ಳು ನಾಲಗೆಯ ಮೇಲಿತ್ತು. ಆಂಟಿಯ ಮುಖ ನೋಡಿದ ಮೇಲೆ ಆಗಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ಎಳೆಯಲು ಹೇಳಿದರು. "ನೀನು ಅಲ್ಲಿ ನಿಂತ್ಕೋ, ಎಡಗಡೆ. ನೀನೇ ಕ್ಯಾಮೆರಾ."

ದೃಶ್ಯವನ್ನು ಪೂರ್ತಿ ಮಾಡಿದರು. ಸ್ಪ್ಯಾನಿಷ್ ಮಾತು ಒಂದೂ ನನಗೆ ಅರ್ಥವಾಗಲಿಲ್ಲ. ಆದರೂ ರೈಲು ಬಂದದ್ದು, ಅಣ್ಣ ಹತ್ತಿದ್ದು, ಅವನ ಕೋಟಿನ ಕಾಲರನ್ನು ಈ ತಂಗಿ ಸರಿಮಾಡಿದ್ದು ಎಲ್ಲ ಕಂಡಿತು. ರೈಲು ಹೊರಟ ಮೇಲೆ ಸರಿಯಾದ ಹೊತ್ತಿಗೆ ಎಡಗಣ್ಣು ತುಂಬಿತು, ಹನಿ ಇಳಿಯಿತು. ಅದರ ಹಿಂದೆಯೇ ಬಲಗಣ್ಣೂ ತುಂಬಿ ಹರಿಯತೊಡಗಿತು. ಅವರು ಒರೆಸಿಕೊಳ್ಳಲೂ ಇಲ್ಲ. ತುಸು ಹೊತ್ತಾದ ಮೇಲೆ ನನ್ನ ಕೈ ಹಿಡಿದು, "ಈ ಟೇಕ್ ಹಾಳಾಯ್ತು" ಎಂದರು.

ಅದಾದ ಮೇಲೆ ಅವರು ಯಾರಿಗೂ ಅಳು ಮಾಡಿ ತೋರಿಸಲಿಲ್ಲ. ಮಹಡಿಗೆ ಟಮಾಲೆ, ಅವರ ಊರಿನ ಮೆಕ್ಕೆಜೋಳದ ಕಡುಬು, ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಮುಂದಿನ ಚಳಿಗಾಲ, ಸ್ನೋ ಬೀಳುತ್ತಿದ್ದ ಒಂದು ಬೆಳಗ್ಗೆ, ಅದೇ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು.

ನನಗೆ ತೊಳೆಯುವ ಹುಚ್ಚು ಹೋಗಿಲ್ಲ. ಈಗಲೂ ವಾರಕ್ಕೊಮ್ಮೆ ಮನೆಯ ಪರದೆಗಳನ್ನೂ ಬಿಡದೆ ಒಗೆಯುತ್ತೇನೆ. ಆ ಸೀರೆಯ ತುಂಡು ಮಾತ್ರ ಅವರ ತಗಡಿನ ಡಬ್ಬಿಯಲ್ಲಿ ಮಡಿಚಿಟ್ಟಿದೆ, ಕಪ್ಪು ಸಮೇತ. ಅದನ್ನು ನಾನು ಒಗೆದಿಲ್ಲ.